ಹೊಗೆ ಹೊಡೆಸಿ ಅನ್ನುವವರೇ, ಮೊದಲು ನಿಮ್ಮ ಡ್ರಮ್ಮಿನೊಳಗೆ ಇಣುಕಿ ನೋಡಿ

ಇವತ್ತು ಬೆಳಿಗ್ಗೆ ಕಂಡದ್ದನ್ನು ಬರೆಯದಿದ್ದರೆ ನನಗೆ ಸಮಾಧಾನ ಇಲ್ಲ. ಡೆಂಗ್ಯೂ ಸೊಳ್ಳೆಯ ಲಾರ್ವಾ, ಅಂದರೆ ನೀರಿನಲ್ಲಿ ಬೆಳೆಯುವ ಮರಿಹುಳ, ಇದೆಯಾ ಅಂತ ನೋಡಲು ಇಬ್ಬರು ಆಶಾ ಕಾರ್ಯಕರ್ತೆಯರು ನಮ್ಮ ಬೀದಿಗೆ ಬಂದಿದ್ದರು. ಕೈಯಲ್ಲಿ ಟಾರ್ಚು, ಒಂದು ರಿಜಿಸ್ಟರು. ಎದುರು ಸಾಲಿನ ಮನೆಯ ಯಜಮಾನರು ಗೇಟೇ ತೆಗೆಯಲಿಲ್ಲ. "ನಮ್ಮನೇಲಿ ಎಲ್ಲ ಕ್ಲೀನಾಗಿದೆ ಕಣಮ್ಮ, ಹೋಗಿ ಆ ಮೋರಿ ನೋಡಿ. ಹೊಗೆ ಹೊಡೆಯೋ ಗಾಡಿ ಯಾವಾಗ ಬರುತ್ತೆ, ಅದನ್ನ ಹೇಳಿ" ಅಂದರು. ಆ ಅಕ್ಕಂದಿರು ಏನೂ ಮಾತಾಡದೆ ಪಕ್ಕದ ಮನೆಗೆ ಹೋದರು. ಬಿಸಿಲಲ್ಲಿ ಮನೆ ಮನೆ ಸುತ್ತುವ ಹೆಣ್ಣುಮಕ್ಕಳ ಹತ್ತಿರ ಹೀಗಾ ಮಾತಾಡೋದು?

ಆ ಮೋರಿ ನೋಡಬೇಕು, ನಿಜ. ಆದರೆ ಡೆಂಗ್ಯೂ ಸೊಳ್ಳೆ ಹುಟ್ಟುವುದು ಹೆಚ್ಚಾಗಿ ಮೋರಿಯಲ್ಲಲ್ಲ. ಕಾಲಿನ ಮೇಲೆ ಬಿಳಿ ಪಟ್ಟೆ ಇರುವ ಈಡಿಸ್ ಸೊಳ್ಳೆಗೆ ಬೇಕಾದದ್ದು ನಾವು ಕೂಡಿಟ್ಟ ತಿಳಿನೀರು. ಸ್ನಾನದ ಮನೆಯ ಡ್ರಮ್ಮು, ಹೂಕುಂಡದ ಕೆಳಗಿನ ತಟ್ಟೆ, ಫ್ರಿಜ್ಜಿನ ಹಿಂದೆ ನೀರು ತೊಟ್ಟಿಕ್ಕುವ ಟ್ರೇ, ಹಿತ್ತಲಲ್ಲಿ ಮೂಲೆಗುಂಪಾದ ಒರಳುಕಲ್ಲು, ಮುಚ್ಚಳ ಸರಿಯಾಗಿ ಕೂರದ ಸಂಪು. ಇವೆಲ್ಲ ಗೇಟಿನ ಒಳಗೇ ಇರುವಂಥವು. ಅದಕ್ಕೇ ಆ ಅಕ್ಕಂದಿರು ಒಳಗೆ ಬರುತ್ತೇವೆ ಅಂದದ್ದು.

ಇನ್ನು ಹೊಗೆ. ಗಾಡಿ ಬಂದರೆ ಬೀದಿಗೆ ಬೀದಿಯೇ ಹೊರಗೆ ಬಂದು ವಿಡಿಯೊ ಮಾಡುತ್ತದೆ. ಏನೋ ಕೆಲಸ ಆಯ್ತು ಅಂತ ಸಮಾಧಾನ. ಆ ಹೊಗೆ ಸಾಯಿಸುವುದು ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆಯನ್ನು ಮಾತ್ರ. ನೀರಿನಲ್ಲಿರುವ ಲಾರ್ವಾ ಹಾಗೇ ಉಳಿಯುತ್ತದೆ. ಮಂಚದ ಕೆಳಗೆ, ಪರದೆಯ ಹಿಂದೆ, ಬಟ್ಟೆ ನೇತು ಹಾಕಿದ ಮೂಲೆಯಲ್ಲಿ ಕೂತ ಸೊಳ್ಳೆಗೂ ಬೀದಿಯ ಹೊಗೆ ಸರಿಯಾಗಿ ತಾಗುವುದಿಲ್ಲ. ಬೆಚ್ಚನೆಯ ಹವೆಯಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರಲು ಸುಮಾರು 7ರಿಂದ 10 ದಿನ ಸಾಕು. ಹೊಗೆ ಹೊಡೆಸಿ ಮುಂದಿನ ವಾರವೇ ಹೊಸ ಸೊಳ್ಳೆ.

ವಾರಕ್ಕೊಮ್ಮೆ ಖಾಲಿ ಮಾಡಿ ಅಂತ ಹೇಳುವುದು ಇದೇ ಲೆಕ್ಕದ ಮೇಲೆ. ಬರೀ ಚೆಲ್ಲಿದರೂ ಸಾಲದು. ಈ ಸೊಳ್ಳೆ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ನೀರಿಲ್ಲದೆ ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಸಾಯುವುದಿಲ್ಲ. ಮತ್ತೆ ನೀರು ತುಂಬಿದಾಗ ಒಡೆಯುತ್ತದೆ. ಹಾಗಾಗಿ ಬ್ರಷ್ಷು ಹಾಕಿ ಒಳಗೋಡೆ ಉಜ್ಜಲೇಬೇಕು. ಈ ಒಂದು ವಿಷಯವನ್ನು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾ ಬಂದಿದ್ದೇನೆ. ನನ್ನ ಸ್ನೇಹಿತರಿಗೆ ಕೇಳಿ ಕೇಳಿ ಬಾಯಿಪಾಠ ಆಗಿರಬೇಕು. ಆದರೂ ಮತ್ತೆ ಹೇಳುತ್ತೇನೆ: ಉಜ್ಜಿ.

ಇದು ಹೊಸ ವಿದ್ಯೆಯೂ ಅಲ್ಲ. ಹಳದಿ ಜ್ವರ (ಯೆಲ್ಲೋ ಫೀವರ್) ಎಂಬ ಮಾರಕ ರೋಗ ಹರಡುವುದೂ ಇದೇ ಈಡಿಸ್ ಸೊಳ್ಳೆ. ಕ್ಯೂಬಾದ ಹವಾನಾದಲ್ಲಿ ಕಾರ್ಲೋಸ್ ಫಿನ್ಲೆ ಎಂಬ ವೈದ್ಯರು ಇದು ಸೊಳ್ಳೆಯ ಕೆಲಸ ಅಂತ 1881ರಲ್ಲೇ ಹೇಳಿದ್ದರು. ಆಗ ಯಾರೂ ನಂಬಲಿಲ್ಲ. 1900ರಲ್ಲಿ ಅದು ಸಾಬೀತಾಯಿತು. 1901ರಲ್ಲಿ ಅಮೆರಿಕದ ಸೇನಾ ವೈದ್ಯ ವಿಲಿಯಂ ಗೋರ್ಗಸ್ ಅವರ ತಂಡದವರು ಹವಾನಾದ ಮನೆಮನೆಗೂ ಹೋಗಿ ನೀರಿನ ಪೀಪಾಯಿ ಮುಚ್ಚಿಸಿದರು, ನಿಂತ ನೀರು ಚೆಲ್ಲಿಸಿದರು, ಕೇಳದವರಿಗೆ ದಂಡ ಹಾಕಿದರು. ಎಷ್ಟೋ ಕಾಲದಿಂದ ಆ ಊರನ್ನು ಕಾಡಿದ್ದ ಜ್ವರ ಅದೇ ವರ್ಷ ನಿಂತಿತು. ಲಸಿಕೆ ಇನ್ನೂ ಬಂದಿರಲಿಲ್ಲ. ಅವರು ಗೆದ್ದದ್ದು ನೀರಿನ ಪಾತ್ರೆ ನೋಡಿಕೊಂಡು.

ನಮ್ಮಲ್ಲೂ 2024ರಲ್ಲಿ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ಅಂತ ಘೋಷಿಸಿತು. ಆ ಸೆಪ್ಟೆಂಬರ್ ಹೊತ್ತಿಗೆ ರಾಜ್ಯದಲ್ಲಿ ಪ್ರಕರಣಗಳು 25 ಸಾವಿರ ದಾಟಿದ್ದವು. ಸೊಳ್ಳೆ ಬೆಳೆಯಲು ಬಿಟ್ಟರೆ ನಗರದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200 ರೂಪಾಯಿ ದಂಡ ಅಂತಲೂ ಆಯಿತು. ದಂಡದ ಸುದ್ದಿ ಬಂದಾಗ ಕೂಗಾಡಿದವರೇ ಜಾಸ್ತಿ.

"ವಾರಕ್ಕೊಂದು ಸಲ ನೀರು ಬಿಡೋ ಊರಲ್ಲಿ ಡ್ರಮ್ಮು ಖಾಲಿ ಮಾಡು ಅಂದ್ರೆ ಹೇಗೆ?" ಅಂತ ಕೇಳುತ್ತೀರಿ. ನನ್ನ ಮನೆಗೂ ಅದೇ ನಲ್ಲಿ, ಅದೇ ನೀರು. ಹೊಸ ನೀರು ಬರುವ ಹಿಂದಿನ ದಿನ ಡ್ರಮ್ಮಿನ ತಳದಲ್ಲಿ ಉಳಿಯುವುದು ಒಂದೆರಡು ಬಕೆಟ್ಟು. ಅದನ್ನು ಬಟ್ಟೆಯಲ್ಲಿ ಸೋಸಿ ನೆಲ ಒರೆಸಬಹುದು. ಡ್ರಮ್ಮು ಉಜ್ಜಿ, ತೊಳೆದು, ಹೊಸ ನೀರು ತುಂಬಿದ ಮೇಲೆ ಹಳೆಯ ಪಂಚೆಯನ್ನು ಬಾಯಿಗೆ ಹೊದಿಸಿ ದಾರದಿಂದ ಬಿಗಿಯಾಗಿ ಕಟ್ಟಿ. ಖಾಲಿ ಮಾಡಲಾಗದ ದೊಡ್ಡ ತೊಟ್ಟಿ ಇದ್ದರೆ ಆರೋಗ್ಯ ಇಲಾಖೆಯವರನ್ನು ಕೇಳಿ, ಲಾರ್ವಾ ತಿನ್ನುವ ಗಪ್ಪಿ ಮೀನು ಬಿಡುತ್ತಾರೆ. ನೀರಿನ ತೊಂದರೆ ನಿಜವಾದ ತೊಂದರೆ. ಆದರೆ ಒಂದು ಪಂಚೆ ಕಟ್ಟದೇ ಇರುವುದಕ್ಕೆ ಅದು ನೆಪ ಆಗಬಾರದು.

ನಾನು ಯಾಕೆ ಇಷ್ಟು ಸಿಟ್ಟಾಗುತ್ತೇನೆ ಅಂತ ಕೆಲವರಿಗೆ ಗೊತ್ತು. ಅಣ್ಣನ ಮಗಳಿಗೆ ಡೆಂಗ್ಯೂ ಬಂದಾಗ ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತಿದ್ದವಳು ನಾನು. ಜ್ವರ ಇಳಿಯಿತು ಅಂತ ಅತ್ತಿಗೆ ದೇವರಿಗೆ ಕೈ ಮುಗಿಯುತ್ತಿದ್ದರು. ಅಷ್ಟರಲ್ಲೇ ಮಗು ಹೊಟ್ಟೆನೋವು ಅಂತ ಹೊರಳಾಡತೊಡಗಿತು. ಮೇಲಿಂದ ಮೇಲೆ ವಾಂತಿ. ಜ್ವರ ಬಿಡುವ ಹೊತ್ತೇ ಎಲ್ಲಕ್ಕಿಂತ ಎಚ್ಚರ ಬೇಕಾದ ಹೊತ್ತು ಅಂತ ಡಾಕ್ಟರು ಹೇಳಿದರು. ಹುಷಾರಾದಳು, ಈಗ ಆಡಿಕೊಂಡಿದ್ದಾಳೆ. ಆದರೆ ಈ ವೈರಸ್ಸಿನಲ್ಲಿ ನಾಲ್ಕು ಬಗೆ ಇವೆ. ಒಂದು ಬಂದು ಹೋದವರಿಗೆ ಮುಂದೆ ಇನ್ನೊಂದು ತಗುಲಿದರೆ ಅಪಾಯ ಜಾಸ್ತಿ. ಸಂಜೆ ಅವಳು ಬೀದಿಯಲ್ಲಿ ಆಡಲು ಹೋದರೆ ನನ್ನ ಕಣ್ಣು ಅವಳ ಕಾಲಿನ ಮೇಲೇ ಇರುತ್ತದೆ. ಈ ಸೊಳ್ಳೆ ಕಚ್ಚುವುದು ಹಗಲಲ್ಲಿ. ರಾತ್ರಿ ಸೊಳ್ಳೆಪರದೆ ಕಟ್ಟಿದರೆ ಮಾತ್ರ ಸಾಲದು.

ನಮ್ಮ ಮನೆಯ ಡ್ರಮ್ಮು ನಾನು ಉಜ್ಜುತ್ತೇನೆ. ನಿಮ್ಮ ಮನೆಯದನ್ನು ಉಜ್ಜಲು ನನ್ನಿಂದ ಆಗುವುದಿಲ್ಲ. ನಿಮ್ಮ ತೊಟ್ಟಿಯಲ್ಲಿ ಹುಟ್ಟಿದ ಸೊಳ್ಳೆಗೆ ನಮ್ಮ ಕಾಂಪೌಂಡು ಒಂದು ಲೆಕ್ಕವೇ ಅಲ್ಲ, ಅದು ನೂರಾರು ಮೀಟರ್ ಹಾರಬಲ್ಲದು. ಆ ಗೇಟು ತೆಗೆಯದೇ ಇದ್ದದ್ದು ಅವರೊಬ್ಬರ ಮನೆಯ ವಿಷಯ ಅಲ್ಲ ಅಂತ ನಾನು ಹೇಳುವುದು ಇದಕ್ಕೇ.

ಬೀದಿಯವರಲ್ಲಿ ಇದನ್ನು ಓದುತ್ತಿರುವವರಿಗೆ ಒಂದು ಮಾತು. ಮೂಲೆಯ ಖಾಲಿ ಸೈಟಿನಲ್ಲಿ ಎಳನೀರು ಬುರುಡೆ, ಹಳೇ ಟೈರು ರಾಶಿ ಬಿದ್ದಿವೆ, ಎಲ್ಲದರಲ್ಲೂ ಮಳೆನೀರು ನಿಂತಿದೆ. ಭಾನುವಾರ ಬೆಳಿಗ್ಗೆ 7 ಗಂಟೆಗೆ ನಾನು ಅಲ್ಲಿರುತ್ತೇನೆ. ಗೋಣಿಚೀಲ ನಾನು ತರುತ್ತೇನೆ. ಮನೆಯಲ್ಲಿ ಗುದ್ದಲಿ, ಬುಟ್ಟಿ ಇದ್ದವರು ತನ್ನಿ. ತುಂಬು ತೋಳಿನ ಅಂಗಿ ಹಾಕಿಕೊಂಡು ಬನ್ನಿ, ಅಲ್ಲಿ ಸೊಳ್ಳೆ ಜಾಸ್ತಿ.