ಕಳವೋ, ಕಳೆದದ್ದೋ?

ಕಳೆದ ವರ್ಷ ಸಂಕ್ರಮಣದಲ್ಲಿ, ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಗದ್ದಲದಲ್ಲಿ, ನಮ್ಮ ತಂದೆಯವರ ಅಂಗಿಯ ಕಿಸೆಯಿಂದ 14,000 ರೂಪಾಯಿಯ ಮೊಬೈಲನ್ನು ಯಾರೋ ಎಗರಿಸಿದರು. ಠಾಣೆಯಲ್ಲಿ ಅವರು ಬರೆದುಕೊಟ್ಟ ‘ಕಳವಾಗಿದೆ’ ಎಂಬ ಮಾತನ್ನು ಓದಿದ ಸಿಬ್ಬಂದಿ, ‘ಕಳಕೊಂಡೇನಿ ಅಂತ ಬರೀರಿ ಸರ, ಲಗೂ ಕೆಲಸ ಆಗತೈತಿ’ ಎಂದು ಹಾಳೆಯನ್ನು ಮರಳಿ ಕೈಗಿತ್ತರು. ಮೂವತ್ತು ವರ್ಷ ಕನ್ನಡ ವ್ಯಾಕರಣ ಕಲಿಸಿದ ತಂದೆಯವರಿಗೆ ಫೋನು ಹೋದದ್ದಕ್ಕಿಂತ ಈ ತಿದ್ದುಪಡಿಯೇ ಹೆಚ್ಚು ನೋವು ತಂದಿತು. ಮೊದಲ ವಾಕ್ಯದ ಹಿಂದೆ ಒಬ್ಬ ಕಳ್ಳನಿದ್ದ, ಎರಡನೆಯದರಲ್ಲಿ ಕರ್ತೃ ತಾವೇ.

ಕಾನೂನಿನ ವ್ಯಾಖ್ಯೆಯಲ್ಲಿ ಇಂಥ ಗೊಂದಲವೇನೂ ಇಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನ ಪ್ರಕಾರ, ಒಬ್ಬರ ಸ್ವಾಧೀನದಲ್ಲಿರುವ ಚರ ವಸ್ತುವನ್ನು ಅವರ ಒಪ್ಪಿಗೆಯಿಲ್ಲದೆ ಅಪ್ರಾಮಾಣಿಕ ಉದ್ದೇಶದಿಂದ ಕದಲಿಸಿದರೆ ಸಾಕು, ಅದು ಕಳವು. ಕಿಸೆಯಲ್ಲಿ ತಿನಿಸಿಟ್ಟುಕೊಂಡು ಪರರ ನಾಯಿಯನ್ನು ಹಿಂದೆ ಬರಮಾಡಿಕೊಂಡವನೂ ಕಳ್ಳನೇ ಎಂಬ 1860ರ ಭಾರತೀಯ ದಂಡ ಸಂಹಿತೆಯ ಸೊಗಸಾದ ಉದಾಹರಣೆ ಹೊಸ ಸಂಹಿತೆಯಲ್ಲೂ ಉಳಿದಿದೆ. ಶಿಕ್ಷೆ ಮೂರು ವರ್ಷದವರೆಗೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯದನ್ನು ಮೊದಲ ಸಲ ಕದ್ದವನು ಅದನ್ನು ಹಿಂದಿರುಗಿಸಿದರೆ ಸಮುದಾಯ ಸೇವೆ.

ನಾನಿರುವ ಇಂಗ್ಲೆಂಡಿನಲ್ಲಿ 1968ರ ಕಳವು ಕಾಯ್ದೆ ಇನ್ನೊಂದು ಷರತ್ತು ಹಾಕುತ್ತದೆ: ವಸ್ತುವನ್ನು ಮಾಲೀಕನಿಗೆ ಶಾಶ್ವತವಾಗಿ ತಪ್ಪಿಸುವ ಉದ್ದೇಶವಿರಬೇಕು. ಸುಮ್ಮನೆ ಒಂದು ಸುತ್ತು ಹೊಡೆದು ಬಿಡಲೆಂದು ಸೈಕಲ್ ಒಯ್ದವನ ಮೇಲೆ ಅದೇ ಕಾಯ್ದೆಯಲ್ಲಿ ಬೇರೆಯದೇ ಅಪರಾಧ ಬೀಳುತ್ತದೆ. ಕಳವಿಗೆ ಗರಿಷ್ಠ ಶಿಕ್ಷೆ ಏಳು ವರ್ಷ. ಗ್ರಂಥಾಲಯದ ಮುಂದಿನಿಂದ ನನ್ನ ಸೈಕಲ್ ಕಳವಾದಾಗ ಮನೆಯಿಂದಲೇ ದೂರು ಸಲ್ಲಿಸಿದೆ. ಸಂಜೆಯೊಳಗೆ ಅಪರಾಧ ಸಂಖ್ಯೆ ಬಂತು, ಮೂರನೆಯ ದಿನ ಪ್ರಕರಣ ಮುಕ್ತಾಯವಾಯಿತೆಂಬ ಸಂದೇಶವೂ ಬಂತು. ಸೈಕಲ್ ಸಿಗಲಿಲ್ಲ. ಆದರೂ ಕಳವು ಕಳವೆಂದೇ ದಾಖಲಾಯಿತು.

ಇಲ್ಲಿಯವರು ಸತ್ಯಸಂಧರೆಂದು ಇದರರ್ಥವಲ್ಲ. 2014ರಲ್ಲಿ ಪೊಲೀಸ್ ಅಂಕಿ-ಅಂಶಗಳು ‘ರಾಷ್ಟ್ರೀಯ ಅಂಕಿ-ಅಂಶ’ ಎಂಬ, ನಂಬಲರ್ಹವೆಂದು ಸಾರುವ ಅಧಿಕೃತ ಮಾನ್ಯತೆಯನ್ನು ಕಳೆದುಕೊಂಡವು. ಜನ ಪೊಲೀಸರಿಗೆ ತಿಳಿಸಿದ ಅಪರಾಧಗಳಲ್ಲಿ ಶೇ. 19ರಷ್ಟು ದಾಖಲೆಯನ್ನೇ ಸೇರಿಲ್ಲವೆಂದು ಅದೇ ವರ್ಷ ಪೊಲೀಸ್ ತಪಾಸಣಾ ಸಂಸ್ಥೆ ಹೇಳಿತು. ಅದರ ನಂತರ ದಾಖಲಾತಿ ಬಿಗಿಯಾಗಿ ಹಿಂಸಾ ಪ್ರಕರಣಗಳ ಸಂಖ್ಯೆ ಏರಿದಾಗ, ಮನೆಮನೆಗೆ ಹೋಗಿ ‘ನಿಮಗೇನಾದರೂ ಅನ್ಯಾಯವಾಯಿತೇ’ ಎಂದು ಕೇಳುವ, 1982ರಿಂದ ನಡೆದುಬಂದ ಸಮೀಕ್ಷೆಯನ್ನು ಪಕ್ಕದಲ್ಲಿಟ್ಟು, ಏರಿದ್ದು ಅಪರಾಧವೋ ಬರೆಯುವ ಪ್ರಾಮಾಣಿಕತೆಯೋ ಎಂದು ಅಳೆಯಲು ಸಾಧ್ಯವಾಯಿತು.

ನಮ್ಮಲ್ಲಿ ನಿಯಮಕ್ಕೆ ಕೊರತೆಯಿಲ್ಲ. ಸಂಜ್ಞೇಯ ಅಪರಾಧದ (ಪೊಲೀಸರು ವಾರಂಟ್ ಇಲ್ಲದೆಯೇ ಬಂಧಿಸಬಹುದಾದ ಅಪರಾಧದ) ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ಪ್ರಕರಣದಲ್ಲಿಯೇ ಹೇಳಿದೆ. ಠಾಣೆ ನಿರಾಕರಿಸಿದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಬರೆಯಬಹುದು. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಎಣಿಸುವುದು ದಾಖಲಾದದ್ದನ್ನು ಮಾತ್ರ, ಅದರಲ್ಲೂ ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತಿ ಗಂಭೀರವಾದ ಒಂದನ್ನೇ. ಆ ಅಂಕಿ ಏರಿದ ಜಿಲ್ಲೆಯನ್ನು ಪತ್ರಿಕೆಗಳೂ ಶಾಸಕರೂ ಕಳ್ಳರ ಬೀಡೆಂದು ಹಳಿಯುತ್ತಾರೆ, ಇಳಿದ ಜಿಲ್ಲೆಯ ಬೆನ್ನು ತಟ್ಟುತ್ತಾರೆ. ತಂದೆಯವರ ವಾಕ್ಯವನ್ನು ತಿದ್ದಿಸಿದ್ದು ಆ ಸಿಬ್ಬಂದಿಯ ಸೋಮಾರಿತನಕ್ಕಿಂತ ಹೆಚ್ಚಾಗಿ ಈ ಬೈಗುಳದ ಅಂಜಿಕೆಯೇ ಎಂದು ನನಗನಿಸುತ್ತದೆ.