ಸಮನ್ವಯ ಸಮಿತಿಗೆ ಜಯವಾಗಲಿ

ಪ್ರವಾಸೋದ್ಯಮ, ಸಾರಿಗೆ ಮತ್ತು ಪರಿಸರ ಇಲಾಖೆಗಳ ನಡುವೆ ಹೊಂದಾಣಿಕೆಯೇ ಇಲ್ಲವೆಂದು ದೂರುವವರು ಅನ್ಯಾಯದ ಮಾತಾಡುತ್ತಾರೆ. ಹೊಂದಾಣಿಕೆ ಇಲ್ಲದಿದ್ದರೆ ಒಂದೇ ಬೆಟ್ಟವನ್ನು ಇಷ್ಟು ಅಚ್ಚುಕಟ್ಟಾಗಿ, ಸರದಿಯ ಪ್ರಕಾರ, ಒಬ್ಬರಿಗೊಬ್ಬರು ಅಡ್ಡ ಬರದಂತೆ ಹಾಳುಮಾಡುವುದು ಹೇಗೆ ಸಾಧ್ಯವಾಗುತ್ತಿತ್ತು? ಮೊದಲು ಪ್ರವಾಸೋದ್ಯಮದವರು ‘ಯಾರೂ ಕಾಲಿಡದ ನಿಸರ್ಗ’ ಎಂದು ಜಾಹೀರಾತು ಕೊಟ್ಟು ಎಲ್ಲರನ್ನೂ ಕಾಲಿಡಲು ಕರೆಯುತ್ತಾರೆ. ಬಂದವರ ಕಾರುಗಳು ತಿರುವಿನಲ್ಲಿ ಸಿಕ್ಕಿಕೊಂಡಾಗ ಸಾರಿಗೆಯವರು ಗುಡ್ಡ ಕಡಿದು ರಸ್ತೆ ಅಗಲಿಸುತ್ತಾರೆ. ಕೊನೆಗೆ ಪರಿಸರದವರು ಬಂದು, ಉಳಿದ ಒಂದು ಮರಕ್ಕೆ ನಾಲ್ಕು ಮೊಳೆ ಹೊಡೆದು, ‘ಮರಗಳನ್ನು ರಕ್ಷಿಸಿ’ ಎಂಬ ಫಲಕ ತೂಗುಹಾಕುತ್ತಾರೆ.

ಮೂವರೂ ವರ್ಷದ ಕೊನೆಯಲ್ಲಿ ಗುರಿ ಮುಟ್ಟಿರುತ್ತಾರೆ ಎಂಬುದು ಈ ವ್ಯವಸ್ಥೆಯ ಸೊಗಸು. ಒಬ್ಬರು ತಲೆಗಳನ್ನು ಎಣಿಸುತ್ತಾರೆ, ಒಬ್ಬರು ಕಿಲೋಮೀಟರುಗಳನ್ನು, ಇನ್ನೊಬ್ಬರು ನೆಟ್ಟ ಸಸಿಗಳನ್ನು; ಬದುಕಿದ ಸಸಿಗಳನ್ನು ಎಣಿಸುವ ಕೆಲಸ ಯಾರ ಕಡತದಲ್ಲೂ ಇಲ್ಲದ ಕಾರಣ ಆ ವಿಷಯದಲ್ಲಿ ಸೋಲಿನ ಪ್ರಶ್ನೆಯೇ ಬರುವುದಿಲ್ಲ. ಆ ಜಾಗ ಎಷ್ಟು ಜನರನ್ನು ತಾಳಿಕೊಳ್ಳಬಲ್ಲದು ಎಂಬ ಧಾರಣಾ ಸಾಮರ್ಥ್ಯದ ಲೆಕ್ಕ ವಿಸ್ತೃತ ಯೋಜನಾ ವರದಿಯ ಅನುಬಂಧದಲ್ಲಿ ಸುರಕ್ಷಿತವಾಗಿರುತ್ತದೆ, ಏಕೆಂದರೆ ಅನುಬಂಧವನ್ನು ಯಾರೂ ತೆರೆಯುವುದಿಲ್ಲ.

ಇದು ಯಾವುದೋ ಒಂದು ಸರ್ಕಾರದ ಸ್ವತ್ತಲ್ಲ, ಜಾಗತಿಕ ಪ್ರತಿಭೆ. ಪೆರು ದೇಶವನ್ನೇ ನೋಡಿ. ಇಂಕಾ ಅರಸರ ಕಾಲದ ಪುರಾತನ ಬೆಟ್ಟದೂರು ಮಾಚು ಪಿಚುವಿನ ಕಲ್ಲಿನ ಮೆಟ್ಟಿಲುಗಳು ಸವೆಯುತ್ತಿವೆಯೆಂದು ಅಲ್ಲಿ ಟಿಕೆಟ್‌ಗೆ ಮಿತಿ ಹಾಕಿದ್ದಾರೆ. 2024ರಿಂದ ದಿನಕ್ಕೆ ಸಾಮಾನ್ಯವಾಗಿ 4,500, ನೂಕುನುಗ್ಗಲಿನ ಆಯ್ದ ದಿನಗಳಲ್ಲಿ 5,600. ಜನ ಹೆಚ್ಚು ಬರುವ ದಿನವೇ ಮಿತಿ ಹಿಗ್ಗಬೇಕೆಂಬ ಈ ತತ್ತ್ವವನ್ನು ಮೆಟ್ಟಿಲುಗಳಿಗೆ ಯಾರು ತಿಳಿಸಿ ಹೇಳಿದರೋ ಗೊತ್ತಿಲ್ಲ. ದಿನಕ್ಕೆ 4,500ರಂತೆ ವರ್ಷಕ್ಕೆ ಸುಮಾರು 16 ಲಕ್ಷ ಟಿಕೆಟ್‌ಗಳಾದವು. ಇತ್ತ ಅದೇ ಸರ್ಕಾರ ಸುಮಾರು 3,700 ಮೀಟರ್ ಎತ್ತರದ ಚಿಂಚೆರೊದಲ್ಲಿ, ಇಂಕಾಗಳ ಕಾಲದ ಮೆಟ್ಟಿಲು ಹೊಲಗಳಿರುವ ಊರಿನ ಪಕ್ಕದಲ್ಲಿ, ಈ ಟಿಕೆಟ್‌ಗಳ ಲೆಕ್ಕಕ್ಕಿಂತ ಎಷ್ಟೋ ಹೆಚ್ಚು ಪ್ರಯಾಣಿಕರನ್ನು ಇಳಿಸಬಲ್ಲ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ 2019ರಲ್ಲಿ ನೆಲ ಅಗೆಯತೊಡಗಿತು. ಮಾಚು ಪಿಚುವಿಗೆ ಹೋಗುವವರು ಬಂದಿಳಿಯುವ ಕುಸ್ಕೊ ನಗರದ ಈಗಿನ ನಿಲ್ದಾಣ ಮನೆಗಳ ನಡುವೆ ಇಕ್ಕಟ್ಟಿನಲ್ಲಿದೆ ಎಂಬ ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ನೂರು ಎಲೆ ಹಾಕಿದ ಮನೆಯವರು ಸಾವಿರ ಮಂದಿಗೆ ಆಮಂತ್ರಣ ಪತ್ರ ಅಚ್ಚು ಹಾಕಿಸಿದಾಗ, ಅಚ್ಚು ಚೆನ್ನಾಗಿದೆ ಎಂದಷ್ಟೇ ಹೇಳಿ ಸುಮ್ಮನಿರಲಾಗುವುದಿಲ್ಲ.

ಥಾಯ್ಲೆಂಡಿನ ಮಾಯಾ ಬೇ ಎಂಬ ಪುಟ್ಟ ಕೊಲ್ಲಿಗೆ ದಿನವೂ ಸಾವಿರಾರು ಮಂದಿ ದೋಣಿಗಳಲ್ಲಿ ಬಂದು ಇಳಿಯುತ್ತಿದ್ದರು. ಲಂಗರುಗಳು ಹವಳದ ದಂಡೆಯನ್ನು ಮುರಿದು ಹಾಕಿದ ಮೇಲೆ, 2018ರ ಜೂನ್‌ನಲ್ಲಿ ಅದನ್ನು ಮುಚ್ಚಿದರು. 2022ರ ಜನವರಿಯಲ್ಲಿ ಮತ್ತೆ ತೆರೆದಾಗ ದೋಣಿಗಳು ಕೊಲ್ಲಿಯೊಳಕ್ಕೆ ಬರುವಂತಿರಲಿಲ್ಲ, ದ್ವೀಪದ ಹಿಂಬದಿಯಲ್ಲಿ ನಿಲ್ಲಬೇಕಿತ್ತು. ದೋಣಿ ಎಲ್ಲಿ ನಿಲ್ಲಬೇಕು ಎಂಬ ಒಂದು ಸಾಲಿನ ನಿರ್ಣಯಕ್ಕೆ ಇಷ್ಟೆಲ್ಲ ಆಗಬೇಕಾಯಿತು. ವೆನಿಸ್ ನಗರವಂತೂ ಬೆಳಿಗ್ಗೆ ಬಂದು ಸಂಜೆ ಹೋಗುವವರಿಂದ 2024ರ ಏಪ್ರಿಲ್‌ನಿಂದ ಆಯ್ದ ದಿನಗಳಲ್ಲಿ 5 ಯೂರೊ ಪ್ರವೇಶ ಶುಲ್ಕ ವಸೂಲಿ ಮಾಡತೊಡಗಿತು. ಎಷ್ಟು ಮಂದಿ ಬರಬಹುದು ಎಂಬ ಮಿತಿಯನ್ನು ಮಾತ್ರ ಇಡಲಿಲ್ಲ. ಉಸಿರುಗಟ್ಟಿದ್ದು ನಿಜ, ಆದರೆ ರಸೀದಿ ಸಿಕ್ಕಿತು.

ಇನ್ನು ಈ ಮೂರು ಇಲಾಖೆಗಳನ್ನು ಒಟ್ಟಿಗೆ ಕೂರಿಸುವ ಸಮನ್ವಯ ಸಮಿತಿಯ ಸಭೆ. ಅಲ್ಲಿ ರೈಲಿನ ಮಾತು ಬಂದರೆ ಅದು ಮೇಲಿನವರಿಗೆ ಬಿಟ್ಟದ್ದು, ಬಸ್ಸಿನ ಮಾತು ಬಂದರೆ ಅದು ನಷ್ಟದ ಬಾಬತ್ತು, ಸೈಕಲ್ಲಿನ ಮಾತು ಬಂದರೆ ಎಲ್ಲರೂ ಸ್ವಲ್ಪ ನಗುತ್ತಾರೆ. ರಸ್ತೆ ಅಗಲೀಕರಣದ ಮಾತು ಬಂದಾಗ ಮಾತ್ರ ಸಮನ್ವಯ ತಾನಾಗಿ ಮೂಡುತ್ತದೆ. ನಗರದ ಹೆದ್ದಾರಿಯನ್ನು ಹಿಗ್ಗಿಸಿದರೆ ಹೊಸ ವಾಹನಗಳು ಬಂದು ಆ ಜಾಗವನ್ನೂ ತುಂಬುತ್ತವೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಆಂಟನಿ ಡೌನ್ಸ್ 1962ರಲ್ಲೇ ವಿವರಿಸಿದ್ದರು. ಅದು ನಗರದ ಮಾತು, ನಮ್ಮದು ಬೆಟ್ಟ ಎಂದು ನಡಾವಳಿಯಲ್ಲಿ ದಾಖಲಿಸಿ ಮುಂದಿನ ವಿಷಯಕ್ಕೆ ಹೋಗಬಹುದು. ಅಮೆರಿಕದ ಜಾಯನ್ ರಾಷ್ಟ್ರೀಯ ಉದ್ಯಾನದಲ್ಲಿ ಕಣಿವೆಯ ರಸ್ತೆಯೇ ವಾಹನಗಳಿಂದ ಕಟ್ಟಿಕೊಂಡಾಗ, 2000ದಲ್ಲಿ, ಪ್ರವಾಸಿ ಋತುವಿನಲ್ಲಿ ಖಾಸಗಿ ಕಾರುಗಳನ್ನು ಹೊರಗಿಟ್ಟು ಬಸ್ ಓಡಿಸಿದರು. ಬಸ್ಸಿಗೆ ಶಂಕುಸ್ಥಾಪನೆ ಮಾಡಲಾಗುವುದಿಲ್ಲ ಎಂಬ ದೊಡ್ಡ ತೊಡಕು ಅವರ ಗಮನಕ್ಕೆ ಬಂದಿರಲಿಲ್ಲವೆಂದು ಕಾಣುತ್ತದೆ.

ಇಂಥ ವಿಷಯಗಳನ್ನು ಕಣ್ಣಾರೆ ಕಂಡು ಬರುವುದೇ ಮೇಲೆಂದು ಸಮಿತಿಯೊಂದು ಸ್ವಿಟ್ಜರ್ಲೆಂಡಿಗೆ ಅಧ್ಯಯನ ಪ್ರವಾಸ ಹೋಯಿತೆಂದು ಇಟ್ಟುಕೊಳ್ಳೋಣ. ಅಲ್ಲಿ ಜೆರ್ಮಾಟ್ ಎಂಬ ಊರಿಗೆ ಪ್ರವಾಸಿಗರ ಕಾರುಗಳಿಗೆ ಪ್ರವೇಶವಿಲ್ಲ. ಕೆಳಗಿನ ಟೆಶ್‌ನಲ್ಲಿ ಕಾರು ಬಿಟ್ಟು, ರೈಲು ಹತ್ತಿ ಮೇಲೆ ಹೋಗಬೇಕು. ಸದಸ್ಯರು ಟೆಶ್‌ನ ಬೃಹತ್ ಪಾರ್ಕಿಂಗ್ ಕಟ್ಟಡವನ್ನು ಎಲ್ಲ ಕೋನಗಳಿಂದ ಫೋಟೊ ತೆಗೆದುಕೊಂಡು, ಮರಳಿ ಬಂದು, ಅದೇ ಮಾದರಿಯ ಕಟ್ಟಡವನ್ನು ನಮ್ಮಲ್ಲೂ ಕಟ್ಟಬೇಕೆಂದು ಒಮ್ಮತದಿಂದ ಶಿಫಾರಸು ಮಾಡುತ್ತಾರೆ. ಪ್ರವಾಸಿಗರು ರೈಲು ಹತ್ತಿ ಇಳಿಯುವ ತೊಂದರೆ ತಪ್ಪಲೆಂದು ಅದನ್ನು ಬೆಟ್ಟದ ನೆತ್ತಿಯ ಮೇಲೆಯೇ ಕಟ್ಟತಕ್ಕದ್ದು ಎಂಬುದೊಂದೇ ತಿದ್ದುಪಡಿ. ಪರಿಸರ ಇಲಾಖೆ ನಿರಾಕ್ಷೇಪಣಾ ಪತ್ರ ಕೊಟ್ಟಿದೆ, ಚಾವಣಿಯ ಮೇಲೆ ಕುಂಡಗಳಲ್ಲಿ ಗಿಡ ಬೆಳೆಸಬೇಕೆಂಬ ಕಟ್ಟುನಿಟ್ಟಿನ ಷರತ್ತಿನೊಂದಿಗೆ.