ಸಾರಮಿಲ್ಲ

ಮೊನ್ನೆ ನಮ್ಮ ಕಾಸರಗೋಡಿನ ಸೀತಾಂಗೋಳಿ ದಾಟುತ್ತಿದ್ದಂತೆ ಕಾರಿನ ಎಡಗಡೆಯಿಂದ ಪರಪರ ಸದ್ದು ಶುರುವಾಯಿತು. ಅಡಿಕೆ ಹಾಳೆಯ ಮೇಲೆ ಮಗುವನ್ನು ಕೂರಿಸಿ ಡಾಂಬರಿನಲ್ಲಿ ಎಳೆದ ಹಾಗೆ. ಇಳಿದು ನೋಡಿದರೆ ಮುಂದಿನ ಚಕ್ರದ ಮೇಲೆ, ಒಳಮೈಗೆ ಅಂಟಿಕೊಂಡಿರುವ ಕಪ್ಪು ಪ್ಲಾಸ್ಟಿಕ್ ಹರಿದು ಜೋತಾಡುತ್ತಿತ್ತು. ಫೆಂಡರ್ ಲೈನಿಂಗ್ ಅಂತಾರೆ ಅದಕ್ಕೆ. ಸರಿಯಾಗಿದ್ದಷ್ಟು ದಿನ ಅಂಥದ್ದೊಂದು ಇದೆ ಅಂತಲೇ ಯಾರಿಗೂ ಗೊತ್ತಿರುವುದಿಲ್ಲ.

ಕಾರು ನನ್ನದಲ್ಲ, ಮೊದಲೇ ಹೇಳಿಬಿಡುತ್ತೇನೆ. ದುಬೈಯಲ್ಲಿರುವ ಭಾವನದು. 2010ರ ಪೋರ್ಷೆ ಬಾಕ್ಸ್‌ಸ್ಟರ್, ಸೆಕೆಂಡ್ ಹ್ಯಾಂಡ್. ಎರಡೇ ಸೀಟು. ಇಂಜಿನ್ ಇರುವುದು ನಮ್ಮ ಬೆನ್ನ ಹಿಂದೆ. ಹಾಗಾಗಿ ಮುಂದೆಯೂ ಡಿಕ್ಕಿ, ಹಿಂದೆಯೂ ಡಿಕ್ಕಿ. ಮುಂದಿನದರಲ್ಲಿ ಅಮ್ಮ ತೆಂಗಿನಕಾಯಿ ಹಾಕಿಸುತ್ತಾಳೆ. ಹೊಟ್ಟೆಗೂ ನೆಲಕ್ಕೂ ನಡುವೆ ಒಂದು ಗೇಣು ಕೂಡ ಇಲ್ಲ. ತಲಪಾಡಿಯಿಂದ ಚೆಂಗಳದವರೆಗಿನ ಆರು ಪಥದ ಹೆದ್ದಾರಿಗೆ ಒಳ್ಳೆಯ ಕಾರೇ. ಆದರೆ ನಮ್ಮ ತೋಟದಿಂದ ಆ ಹೆದ್ದಾರಿಗೆ ಹೋಗಿ ಮುಟ್ಟಬೇಕಲ್ವಾ? ಮುರಕಲ್ಲು ಎದ್ದ ದಾರಿ, ನಡುವೆ ಎರಡು ಕಡೆ ತೋಡಿನ ನೀರು. ಬ್ಯಾಟರಿ ಸಾಯಬಾರದು ಅಂತ ವಾರಕ್ಕೊಮ್ಮೆ ಓಡಿಸುವ ಚಾಕರಿ ನನ್ನದು. ಸಂಬಳ ಇಲ್ಲ, ಬೈಗುಳ ಮಾತ್ರ.

ಕುಂಬಳೆಯಲ್ಲಿ ನಮ್ಮ ಖಾಯಂ ಮೆಕ್ಯಾನಿಕ್ ಇದ್ದಾರೆ. ಮನೆಯಲ್ಲಿ ಮಲಯಾಳ, ನನ್ನ ಹತ್ತಿರ ಕನ್ನಡ, ಕೆಲಸದ ಹುಡುಗರಿಗೆ ಬೈಯುವುದು ತುಳುವಿನಲ್ಲಿ. ಯಾವ ಭಾಷೆಯಲ್ಲಿ ಶುರುಮಾಡಿದರೂ ಮಾತು ಮುಗಿಯುವುದು ‘ಸಾರಮಿಲ್ಲ’ದಲ್ಲಿ. ಮಲಯಾಳದಲ್ಲಿ ಪರವಾಗಿಲ್ಲ ಅಂತ ಅರ್ಥ. ನನ್ನ ಕಿವಿಗೆ ಮಾತ್ರ ಅದು ಮದುವೆ ಊಟದಲ್ಲಿ ಕೊನೇ ಪಂಕ್ತಿಗೆ ಸಾರು ಮುಗಿದ ಸುದ್ದಿಯ ಹಾಗೆ ಕೇಳಿಸುತ್ತದೆ.

ಚಕ್ರದ ಪಕ್ಕ ಕೂತು ಒಳಗೆ ತಲೆ ಹಾಕಿದರು.

“ನಾಲ್ಕು ಕ್ಲಿಪ್ ಇಲ್ಲ. ಸಾರಮಿಲ್ಲ.”

“ಇಲ್ಲಿಂದ ಇಲ್ಲಿವರೆಗೆ ಹರಿದಿದೆ. ಸಾರಮಿಲ್ಲ.”

ಒಂದು ಹಿಡಿ ಒದ್ದೆ ತರಗೆಲೆ ಹೊರಗೆಳೆದರು. ಅದರ ಜೊತೆ ಒಂದು ಎರೆಹುಳ. ಅದಕ್ಕೂ ಸಾರಮಿಲ್ಲ. ಈ ಕಾರಿನ ರೇಡಿಯೇಟರ್‌ಗಳು ಮುಂದಿನ ಚಕ್ರಗಳ ಎದುರು ಆಚೆಗೊಂದು, ಈಚೆಗೊಂದು. ಅವುಗಳ ಬಿಸಿಗಾಳಿ ಚಕ್ರದ ಗೂಡಿನಿಂದಲೇ ಹೊರಗೆ ಹೋಗಬೇಕು. ಲೈನಿಂಗ್ ಹರಿದರೆ ಚಕ್ರ ಎರಚುವ ಕೆಸರು, ಕಲ್ಲು ಎಲ್ಲ ನೇರ ಅಲ್ಲಿಗೆ. ಭಾವ ಹೇಳಿ ಹೇಳಿ ನನಗಿದು ಬಾಯಿಪಾಠ. ಮೆಕ್ಯಾನಿಕ್‌ಗೆ ಅದನ್ನೇ ಒಪ್ಪಿಸುತ್ತಿದ್ದೆ. ಅಷ್ಟರಲ್ಲಿ ಅವರ ಕೈಯಿಂದ ಒಂದು ಸ್ಕ್ರೂ ಜಾರಿ, ಉರುಳಿ, ಚರಂಡಿಗೆ ಬಿತ್ತು. ಇಬ್ಬರೂ ನೋಡುತ್ತಾ ನಿಂತೆವು. “ಸಾರಮಿಲ್ಲ” ಅಂದರು. ಸಮಾಧಾನ ಹೇಳಿದ್ದು ನನಗೋ, ಸ್ಕ್ರೂಗೋ ಗೊತ್ತಾಗಲಿಲ್ಲ.

ಬಿಡಿಭಾಗ ಮಾರುವವರಿಗೆ ಫೋನ್ ಮಾಡಿದೆ. ಹೊರದೇಶದಿಂದ ತರಿಸಬೇಕಂತೆ. ಹೇಳಿದ ಬೆಲೆಯನ್ನು ನಮ್ಮೂರ ಲೆಕ್ಕಕ್ಕೆ ಇಳಿಸಿದರೆ ಅರ್ಧ ಕ್ವಿಂಟಾಲ್ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ! ಒಂದು ಪ್ಲಾಸ್ಟಿಕ್ ತುಂಡಿಗೆ. ಮೆಕ್ಯಾನಿಕ್ ಮೊದಲ ಸಲ ಸುಮ್ಮನಾದರು. ಎದ್ದು ಗ್ಯಾರೇಜಿನ ಹಿಂದೆ ಹೋಗಿ ಒಂದು ಒಡಕು ನೀಲಿ ಡ್ರಮ್ ಉರುಳಿಸಿಕೊಂಡು ಬಂದರು. ಅಡಿಕೆಗೆ ಮದ್ದು ಬಿಡುವಾಗ ಬೋರ್ಡೋ ಕಲಸುವ ಡ್ರಮ್. ಒಳಗೆ ಸುಣ್ಣದ ಗೆರೆ ಇನ್ನೂ ಇತ್ತು. ಒಂದು ತುಂಡು ಕತ್ತರಿಸಿ, ಬಿಸಿ ಮಾಡಿ ಬಗ್ಗಿಸಿ, ರೇಡಿಯೇಟರ್ ಗಾಳಿಗೆ ಕಿಂಡಿ ಬಿಟ್ಟು, ಪ್ಲಾಸ್ಟಿಕ್ ಟ್ಯಾಗ್ ಹಾಕಿ ಬಿಗಿದರು. ನನ್ನ ಮರ್ಯಾದೆಯ ಪ್ರಶ್ನೆ ಬಿಡಿ, ಅಳತೆ ಮಾತ್ರ ಹೇಳಿ ಮಾಡಿಸಿದ ಹಾಗಿತ್ತು.

ಸಂಜೆ ಭಾವನ ವಿಡಿಯೋ ಕಾಲ್. “ಒಮ್ಮೆ ಸ್ಟಾರ್ಟ್ ಮಾಡಿ ಭಾವ, ಕೇಳಿಸಿ” ಅಂದರು. ಪ್ರತಿ ವಾರ ಇದೇ. ಫೋನನ್ನು ಹಿಂದೆ ಸೈಲೆನ್ಸರ್ ಹತ್ತಿರ ಹಿಡಿಯಬೇಕು. ಅವರು ಮಾತಾಡುವುದಿಲ್ಲ, ಸುಮ್ನೆ ಕೇಳುತ್ತಾರೆ. ತಲೆ ಮೇಲಿನ ಮಾಡು ತೆರೆದು ಓಡಿಸಬಹುದು ಅಂತಲೇ ಆಸೆಪಟ್ಟು ಕೊಂಡ ಕಾರಿದು. ಆದರೆ ಅಲ್ಲಿ ಮಕ್ಕಳಿಗೆ ಶಾಲೆಗೆ ರಜೆ ಸಿಗುವುದು ಜುಲೈಯಲ್ಲಿ. ಇಲ್ಲಿ ಆಗ ಕೊಡೆ ತೆರೆದರೂ ನೆನೆಯುವ ಮಳೆ. ಮೂರು ವರ್ಷವಾಯಿತು, ಆ ಮಾಡು ಒಮ್ಮೆಯೂ ತೆರೆದಿಲ್ಲ.

ಇಂಜಿನ್ ನಿಲ್ಲಿಸಿ ಫೋನ್ ಎತ್ತುವಾಗ ಕೈ ತಪ್ಪಿ ಕ್ಯಾಮೆರಾ ಮುಂದಿನ ಚಕ್ರದ ಕಡೆ ತಿರುಗಿತು.

“ಅದೆಂತ ನೀಲಿ?”

ನಾನು ಉಗುಳು ನುಂಗಿದೆ.

“ಮದ್ದಿನ ಡ್ರಮ್ಮಲ್ವಾ ಅದು?”

“ಹೌದು.”

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಂದರು, “ಬಲಗಡೆಗೂ ಅದನ್ನೇ ಹಾಕಿಸಿಬಿಡಿ. ಒಂದು ಕಪ್ಪು, ಒಂದು ನೀಲಿ ಚಂದ ಕಾಣುವುದಿಲ್ಲ.”

ನಾಳೆ ಮತ್ತೆ ಕುಂಬಳೆಗೆ ಹೊರಟಿದ್ದೇನೆ. ಡ್ರಮ್ಮಿನ ಉಳಿದ ಭಾಗವನ್ನು ಇಷ್ಟರಲ್ಲೇ ಯಾರಾದರೂ ಕೋಳಿಗೂಡಿಗೆ ಕೊಂಡುಹೋಗಿರದಿದ್ದರೆ ಸಾಕು.